ಉಪ್ಪು ಮೂಸುವವನಿಗೆ ಬಂದ ಬಾಟಲಿ

ನಮ್ಮ ಮನೆಯ ರಾಗಿ ಡಬ್ಬದೊಳಗೆ ಕೈ ಹಾಕಿದಾಗಲೆಲ್ಲ ನನ್ನ ಬೆರಳುಗಳು ಈಗಲೂ ಒಂದು ಬಾಟಲಿಯನ್ನು ಹುಡುಕುತ್ತವೆ. ಬಾಟಲಿ ಈಗ ಅಲ್ಲಿಲ್ಲ. ಇದ್ದದ್ದು ಬರೀ ಮೂವತ್ತೆರಡು ದಿನ. ಆದರೂ ಮಿಲ್ಲಿಗೆ ಹಾಕಿಸಲು ರಾಗಿ ತುಂಬಿಕೊಳ್ಳಲು ಹೋದವನು ಮೊಣಕೈವರೆಗೆ ಕೈ ಇಳಿಸಿ ಒಂದು ಗಳಿಗೆ ಹಾಗೇ ನಿಂತುಬಿಡುತ್ತೇನೆ. ನನ್ನ ಹೆಂಡತಿ ಶಾರದೆ ಒಲೆಯ ಮುಂದಿನಿಂದಲೇ, "ಏನ್ರೀ, ಚಿನ್ನ ಸಿಕ್ತಾ?" ಎಂದು ಕೇಳುತ್ತಾಳೆ. ಕೆಜಿಎಫ್‌ನಲ್ಲಿ ಮನೆ ಮಾಡಿದವನು ಈ ಮಾತಿಗೆಲ್ಲ ಬೇಸರ ಮಾಡಿಕೊಳ್ಳಬಾರದು. ಇಲ್ಲಿ ಕೈ ಇಳಿಸಿ ಬರಿಗೈಯಲ್ಲಿ ಹಿಂದೆ ತೆಗೆದವರಲ್ಲಿ ನಾನು ಮೊದಲನೆಯವನೂ ಅಲ್ಲ.

ಆ ಬಾಟಲಿಯಲ್ಲಿದ್ದದ್ದು ವೈನು. ಬಿಳಿ ವೈನು, ಅದೂ ಫ್ರಾನ್ಸ್ ದೇಶದ್ದು. ಇಷ್ಟು ಓದಿದ ಕೂಡಲೇ ನೀವು ನನ್ನನ್ನು ಯಾವ ಸಾಲಿನಲ್ಲಿ ಕೂರಿಸಿದಿರಿ ಎಂದು ನನಗೆ ಗೊತ್ತು. ದಯವಿಟ್ಟು ಎಬ್ಬಿಸಿ. ಅರವತ್ತೊಂದು ವರ್ಷದ ಈ ಜೀವ ಅಲ್ಲಿಯವರೆಗೆ ಕುಡಿದಿದ್ದ ಅತಿ ತೀಕ್ಷ್ಣವಾದ ಪಾನೀಯವೆಂದರೆ ಬಂಗಾರಪೇಟೆಯ ಪಾನಿಪೂರಿಯ ನೀರು. ಅದರ ಮಹಿಮೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೇರೆ ಊರಿನಲ್ಲಿ ಪಾನಿಪೂರಿಯ ನೀರು ಹಸಿರಾಗಿರುತ್ತದೆ, ನೋಡಿದರೇ ಎಚ್ಚರಿಕೆ ಕೊಡುತ್ತದೆ. ನಮ್ಮೂರಿನದು ಕೊಳಾಯಿ ನೀರಿನ ಹಾಗೆ ತಿಳಿಯಾಗಿರುತ್ತದೆ. ಪರಊರಿನವರು ಸಪ್ಪೆ ಅಂದುಕೊಂಡು ಒಂದು ಗುಟುಕು ಏರಿಸಿ, ಆಮೇಲೆ ಕಣ್ಣು ಮೂಗು ಒರೆಸಿಕೊಳ್ಳುತ್ತಾ ನಮ್ಮನ್ನೇ ಬೈಯುತ್ತಾರೆ. ಹಾಗಾಗಿ ಬಣ್ಣ ನೋಡಿ ರುಚಿ ಹೇಳಬಾರದು ಎನ್ನುವುದು ನಮಗೆ ಹುಟ್ಟಿನಿಂದ ಬಂದ ವಿದ್ಯೆ. ಯಾವುದನ್ನು ನೋಡಿ ಹೇಳಬೇಕು ಎನ್ನುವುದು ಮಾತ್ರ ನನಗೆ ಇನ್ನೂ ಬಗೆಹರಿದಿಲ್ಲ.

ಬಾಟಲಿ ತಂದವಳು ಪವಿತ್ರ, ನನ್ನ ಅಕ್ಕನ ಮಗಳು. ಅಕ್ಕನ ಮನೆ ಬಂಗಾರಪೇಟೆಯಲ್ಲೇ. ಪವಿತ್ರ ತೋಟಗಾರಿಕೆ ಓದಿದವಳು. ಆರು ತಿಂಗಳು ದ್ರಾಕ್ಷಿ ಬಳ್ಳಿ ಕತ್ತರಿಸುವುದನ್ನು ಕಲಿತು ಬರುತ್ತೇನೆಂದು ಫ್ರಾನ್ಸಿಗೆ ಹೋದವಳು, ಆರು ವರ್ಷವಾದರೂ ಕತ್ತರಿಸುತ್ತಲೇ ಇದ್ದಳು. ಅಕ್ಕ ಬೀದಿಯವರಿಗೆಲ್ಲ ಮಗಳು ಜ್ಯೂಸ್ ಫ್ಯಾಕ್ಟರಿಯಲ್ಲಿದ್ದಾಳೆ ಎಂದು ಹೇಳಿಟ್ಟಿದ್ದಾಳೆ. ಅದು ಪೂರ್ತಿ ಸುಳ್ಳಲ್ಲ. ಜ್ಯೂಸು ಒಂದಷ್ಟು ಕಾಲ ಜ್ಯೂಸೇ ಆಗಿರುತ್ತದೆ, ಆಮೇಲೆ ಆಗುವುದಕ್ಕೆ ಅಕ್ಕ ಹೊಣೆಯಲ್ಲ.

ಪವಿತ್ರ ಇರುವುದು ಒಂದು ಪುಟ್ಟ ತೋಟದಲ್ಲಿ. ಒಂಬತ್ತು ಎಕರೆ ದ್ರಾಕ್ಷಿ, ಒಂದು ಹಳೆಯ ಕಲ್ಲು ಮನೆ, ಮನೆಯ ಕೆಳಗೆ ಪೀಪಾಯಿಗಳಿಟ್ಟ ನೆಲಮಾಳಿಗೆ. ಒಡತಿ ಮದಾಂ ಒಡೆಟ್ ಎನ್ನುವ ಎಪ್ಪತ್ತು ದಾಟಿದ ಹೆಂಗಸು. ಆಕೆಗೆ ಮಂಡಿನೋವು, ಮಕ್ಕಳಿಲ್ಲ, ಮಾತು ಕಡಿಮೆ. ಆ ತೋಟದ ವೈನಿಗೆ ಏನನ್ನೂ ಹಾಕುವುದಿಲ್ಲವಂತೆ. ಸಕ್ಕರೆ ಹಾಕುವುದಿಲ್ಲ, ಹುದುಗು ಬರಿಸುವ ಪುಡಿ ಹಾಕುವುದಿಲ್ಲ, ಕೆಡದಿರಲಿ ಎಂದು ಎಲ್ಲರೂ ಹಾಕುವ ಗಂಧಕವನ್ನೂ ಹಾಕುವುದಿಲ್ಲ, ತಿಳಿಯಾಗಲಿ ಎಂದು ಸೋಸುವುದೂ ಇಲ್ಲ. ದ್ರಾಕ್ಷಿಯ ಸಿಪ್ಪೆಯ ಮೇಲೆ ತಾನಾಗಿ ಕೂತಿರುವ ಹುದುಗಿನಿಂದಲೇ ಅದು ಆಗಬೇಕು. ಹಾಗಾದರೆ ನೀನು ಮಾಡುವ ಕೆಲಸ ಏನಮ್ಮಾ ಎಂದು ನಾನು ಕೇಳಿದ್ದೆ.

"ಏನೂ ಹಾಕದೆ ಇರೋದೇ ಕೆಲಸ ಮಾವ," ಎಂದಿದ್ದಳು ಪವಿತ್ರ. "ದಿನಾ ಕೈ ತುರಿಸುತ್ತೆ. ಸುಮ್ನಿರೋದು ಎಷ್ಟು ಕಷ್ಟ ಗೊತ್ತಾ?"

ನಾನು ಗೊತ್ತು ಎನ್ನುವ ಹಾಗೆ ತಲೆಯಾಡಿಸಿದ್ದೆ. ಗೊತ್ತಿಲ್ಲದ್ದಕ್ಕೆ ತಲೆಯಾಡಿಸುವುದು ನನ್ನ ಹಳೆಯ ರೋಗ. ಆ ರೋಗದ ಮೂಲ ಹೇಳದೆ ಬಾಟಲಿಯ ಕಥೆ ಮುಂದಕ್ಕೆ ಹೋಗುವುದಿಲ್ಲ.

ಬಂಗಾರಪೇಟೆಯಿಂದ ಸ್ವಲ್ಪ ದೂರದ ಹಳ್ಳಿ ನಮ್ಮದು. ನಮ್ಮಲ್ಲಿ ಹಿರಿಯರ ಹಬ್ಬ ಎಂದರೆ ದೊಡ್ಡ ಅಡುಗೆ. ತೀರಿಹೋದ ಹಿರಿಯರಿಗೆ ಎಡೆ ಇಡುವ ಮೊದಲು ಅಡುಗೆಯನ್ನು ಯಾರೂ ನಾಲಿಗೆಗೆ ತಾಗಿಸುವ ಹಾಗಿಲ್ಲ. ತಾಗಿಸಿದರೆ ಎಂಜಲು. ಅಂದಮೇಲೆ ನಲವತ್ತು ಜನದ ಸಾರಿಗೆ ಉಪ್ಪು ಸರಿಯಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ನಮ್ಮಮ್ಮ ಕೈ ಅಂದಾಜಿನಲ್ಲೇ ಹಾಕುತ್ತಿದ್ದಳು. ಹಾಕಿದ ಮೇಲೆ ಮುಚ್ಚಳ ಸರಿಸಿ ನನ್ನನ್ನು ಕರೆಯುತ್ತಿದ್ದಳು.

"ಮೂಸಿ ನೋಡ್ಲಾ ನಾಗ, ಉಪ್ಪು ಸರಿ ಐತಾ?"

ಇದು ಯಾವಾಗ ಶುರುವಾಯಿತೋ ನೆನಪಿಲ್ಲ. ನಾಲ್ಕೈದು ವರ್ಷದವನಿದ್ದಾಗ ಯಾವುದೋ ಹಬ್ಬದಲ್ಲಿ ಪಾತ್ರೆಯ ಮೇಲೆ ಬಗ್ಗಿ, ಆವಿಗೆ ಮುಖ ಕೊಟ್ಟು, ಉಪ್ಪು ಸರಿ ಐತೆ ಅಂದೆನಂತೆ. ಊಟಕ್ಕೆ ಕೂತಾಗ ನಿಜವಾಗಿಯೂ ಸರಿ ಇತ್ತಂತೆ. ಅಲ್ಲಿಂದ ನಾನು ಮನೆಯ ಮೂಗಾದೆ. ಆಮೇಲೆ ಅದಕ್ಕೊಂದು ಗತ್ತನ್ನೂ ಬೆಳೆಸಿಕೊಂಡೆ. ಕಣ್ಣು ಮುಚ್ಚುವುದು, ಮೂರು ಸಲ ನಿಧಾನವಾಗಿ ಉಸಿರೆಳೆಯುವುದು, ಸ್ವಲ್ಪ ಹೊತ್ತು ಎಲ್ಲರನ್ನೂ ಕಾಯಿಸುವುದು, ಆಮೇಲೆ, "ಸರಿ ಐತಮ್ಮಾ." ಅಕ್ಕಪಕ್ಕದ ಮನೆಯವರು ನಿಮ್ಮ ನಾಗನನ್ನು ಒಂದು ಗಳಿಗೆ ಕಳಿಸಿ ಎಂದು ಕೇಳಿಕೊಂಡು ಬರುತ್ತಿದ್ದರು. ಹೋದಲ್ಲೆಲ್ಲ ಒಂದು ಒಬ್ಬಟ್ಟು ಸಿಗುತ್ತಿತ್ತು.

ಗುಟ್ಟೇನೆಂದರೆ, ನನಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಸಾರಿಗೆ ಸಾರಿನ ವಾಸನೆ ಇರುತ್ತಿತ್ತು, ಅಷ್ಟೆ. ಉಪ್ಪಿಗೆ ವಾಸನೆ ಎನ್ನುವುದು ಇದೆಯೋ ಇಲ್ಲವೋ ಇವತ್ತಿಗೂ ನಾನು ಹೇಳಲಾರೆ. ಅಮ್ಮನ ಕೈ ತಪ್ಪುತ್ತಿರಲಿಲ್ಲ, ನಾನು ಯಾವತ್ತೂ ಸರಿ ಐತೆ ಎನ್ನುವುದನ್ನು ಬಿಟ್ಟು ಬೇರೆ ಹೇಳುತ್ತಿರಲಿಲ್ಲ. ಎರಡೂ ಸೇರಿ ನನ್ನ ಕೀರ್ತಿ ಬೆಳೆಯಿತು.

ಮುಂದೆ ನನಗೆ ಕೆಲಸ ಸಿಕ್ಕಿದ್ದೂ ಅಂಥದ್ದೇ. ಕೆಜಿಎಫ್‌ನ ಒಂದು ದೊಡ್ಡ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗ. ಬೇರೆಯವರು ಮಾಡಿದ ಬಿಡಿಭಾಗಗಳನ್ನು ನೋಡಿ ಸರಿ ಅಥವಾ ಸರಿಯಿಲ್ಲ ಎಂದು ಮೊಹರು ಒತ್ತುವುದು. ಆದರೆ ಅಲ್ಲಿ ನನ್ನ ಕೈಯಲ್ಲಿ ಗೇಜು ಇತ್ತು. ಉಕ್ಕಿನ ಒಂದು ತುಂಡು ಅದು. ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಹೋಗಬೇಕಾದ್ದು ಹೋಗಿ, ಹೋಗಬಾರದ್ದು ಹೊರಗೇ ನಿಂತರೆ ಮೊಹರು. ಮೂವತ್ತನಾಲ್ಕು ವರ್ಷ ಗೇಜು ಹೇಳಿದ್ದನ್ನು ನಾನು ಹೇಳಿದೆ. ಜನ ನನ್ನನ್ನು ಬಹಳ ಕಟ್ಟುನಿಟ್ಟಿನ ಮನುಷ್ಯ ಎಂದುಕೊಂಡರು. ನಿವೃತ್ತಿಯ ದಿನ ಹಾರ ಹಾಕಿ ಹಾಗೇ ಭಾಷಣವನ್ನೂ ಮಾಡಿದರು. ಗೇಜಿಗೆ ಯಾರೂ ಹಾರ ಹಾಕಲಿಲ್ಲ.

ಇಂಥವನ ಎದುರಿಗೆ ಹೋದ ಸಂಕ್ರಾಂತಿಗೆ ಊರಿಗೆ ಬಂದಿದ್ದ ಪವಿತ್ರ, ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಯ ಜಗಲಿಯಲ್ಲಿ ಕೂತು, ಬ್ಯಾಗಿನಿಂದ ಉಣ್ಣೆಯ ಕಾಲುಚೀಲದಲ್ಲಿ ಸುತ್ತಿದ್ದ ಬಾಟಲಿಯನ್ನು ತೆಗೆದಳು. ಮೇಲೆ ಚೀಟಿ ಇರಲಿಲ್ಲ, ಹೆಸರಿರಲಿಲ್ಲ. ಒಂದು ಕಾಗದದ ಚೂರಿನ ಮೇಲೆ ಕನ್ನಡದಲ್ಲಿ ಒಂದು ಎಂದು ಬರೆದು ಅಂಟಿಸಿದ್ದಳು. ಮದಾಂ ಒಡೆಟ್ ತೋಟದ ಅತಿ ಹಳೆಯ ಬಳ್ಳಿಗಳ ಬೆಳೆಯನ್ನು ಒಂದು ವರ್ಷ ಪೂರ್ತಿ ಪವಿತ್ರಳಿಗೇ ಬಿಟ್ಟುಕೊಟ್ಟಿದ್ದರಂತೆ. ಕಿತ್ತದ್ದು, ಹಿಂಡಿದ್ದು, ಪೀಪಾಯಿಗೆ ತುಂಬಿ ಕಾದದ್ದು ಎಲ್ಲ ಇವಳೇ. ಇದು ಅವಳ ಸ್ವಂತ ಮೊದಲ ವೈನು.

ಈಗ ಮದಾಂಗೆ ತೋಟ ನಡೆಸುವ ಶಕ್ತಿ ಇಲ್ಲ. ಪವಿತ್ರಳಿಗೇ ಒಪ್ಪಿಸುವ ಮನಸ್ಸಿದೆ. ಆದರೆ ಆಕೆಯದು ಒಂದೇ ಪ್ರಶ್ನೆ: ನಿನ್ನ ವೈನು ಸರಿಯಾಗಿದೆಯೋ ಇಲ್ಲವೋ ನೀನು ಹೇಳು. ಆಕೆ ಕುಡಿದು ನೋಡಿದರಂತೆ, ಆದರೆ ಏನೂ ಹೇಳಲಿಲ್ಲವಂತೆ. ಮಾರ್ಚಿನ ಒಳಗೆ ಪವಿತ್ರ ಸರಿಯಾಗಿದೆ ಎಂದರೆ ತೋಟ ಅವಳ ಕೈಗೆ. ಇಲ್ಲವಾದರೆ ಪಕ್ಕದ ದೊಡ್ಡ ತೋಟದವರು ಕೊಳ್ಳಲು ಕಾದಿದ್ದಾರೆ, ಅವರು ಬಳ್ಳಿಗಳನ್ನು ಕಿತ್ತು ಬೇರೆ ನೆಡುತ್ತಾರೆ.

ನೀನೇ ಕುಡಿದು ನೋಡಿ ಹೇಳಬಹುದಲ್ಲ ಎಂದೆ. ನೂರು ಸಲ ನೋಡಿದ್ದಾಳಂತೆ. ಒಂದು ದಿನ ಇಷ್ಟು ಚೆನ್ನಾಗಿರುವುದು ಲೋಕದಲ್ಲಿಲ್ಲ ಅನ್ನಿಸುತ್ತದಂತೆ, ಮಾರನೆಯ ದಿನ ಮೋರಿಗೆ ಚೆಲ್ಲೋಣ ಅನ್ನಿಸುತ್ತದಂತೆ. ಅಲ್ಲಿಯ ಸ್ನೇಹಿತರು ಎಲ್ಲದಕ್ಕೂ ಚೆನ್ನಾಗಿದೆ ಎನ್ನುತ್ತಾರೆ, ಅದನ್ನು ನಂಬುವ ಹಾಗಿಲ್ಲ.

"ನೀನು ಕುಡೀಬೇಡ ಮಾವ. ಮೂಸಿ ಹೇಳು ಸಾಕು," ಎಂದಳು. "ಅಜ್ಜಿ ಸಾಯೋವರೆಗೂ ಹೇಳ್ತಿದ್ಲು, ನಿಮ್ಮ ಮಾವನ ಮೂಗು ಸುಳ್ಳು ಹೇಳಲ್ಲ ಅಂತ."

ಆ ಗಳಿಗೆಯಲ್ಲಿ ನಾನು ನಿಜ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ ಕೂಡ. ಬಂದದ್ದು, "ಹೂಂ, ಆಗಲಿ." ಅವಳ ಮುಖ ಎಷ್ಟು ಹಗುರವಾಯಿತೆಂದರೆ, ಆಮೇಲೆ ತಿದ್ದಲು ನನಗೆ ಧೈರ್ಯ ಬರಲಿಲ್ಲ. ಪ್ರಯಾಣದಲ್ಲಿ ಕುಲುಕಾಡಿದೆ, ಒಂದು ತಿಂಗಳು ತಂಪಿನಲ್ಲಿ, ಕತ್ತಲಲ್ಲಿ, ಅಲುಗಾಡದ ಹಾಗೆ ಇಡು, ಫ್ರಿಜ್ಜಿನಲ್ಲಿ ಬೇಡ, ಆಮೇಲೆ ತೆರೆದು ಹೇಳು ಎಂದು ಹೇಳಿ ಹೊರಟುಹೋದಳು.

ಫ್ರಿಜ್ಜಲ್ಲದ ತಂಪು, ಹಗಲಲ್ಲೂ ಕತ್ತಲು, ಅಲುಗಾಡದ ಜಾಗ. ನಮ್ಮ ಮನೆಯಲ್ಲಿ ಈ ಮೂರೂ ಇರುವುದು ರಾಗಿ ಡಬ್ಬದಲ್ಲಿ ಮಾತ್ರ. ಸೀತಾಫಲ ಹಣ್ಣಾಗಲು ನಾವು ರಾಗಿಯಲ್ಲೇ ಹೂಳುವುದು. ವೈನೂ ಒಂದು ಹಣ್ಣಿನದ್ದೇ ತಾನೇ ಎಂದು ಶಾರದೆಗೆ ವಾದ ಮಂಡಿಸಿದೆ. ಅವಳು ಸೋಮವಾರ ಉಪವಾಸ ಮಾಡುವವಳು. ಬಾಟಲಿ ಒಡೆದು ರಾಗಿಗೆ ಇಳಿದರೆ, ಆ ಮುದ್ದೆ ತಿಂದು ಮನೆಮಂದಿಯೆಲ್ಲ ತೂರಾಡಿದರೆ ಯಾರು ಜವಾಬ್ದಾರಿ ಎಂದು ಕೇಳಿದಳು. ಮನೆಮಂದಿ ಎಂದರೆ ನಾವಿಬ್ಬರೇ, ಆಗ ಒಬ್ಬರನ್ನೊಬ್ಬರು ಹಿಡಿದುಕೊಳ್ಳೋಣ ಎಂದೆ. ನಕ್ಕಳು, ಒಪ್ಪಿದಳು. ಆ ತಿಂಗಳೆಲ್ಲ ಡಬ್ಬದ ಒಂದೇ ಮಗ್ಗುಲಿನಿಂದ ಸೇರಿನಲ್ಲಿ ಮೆಲ್ಲಗೆ ರಾಗಿ ತೆಗೆಯುತ್ತಿದ್ದಳು. ಮಲಗಿರುವ ಮಗುವಿನ ಪಕ್ಕದಿಂದ ಹೊದಿಕೆ ಎಳೆದುಕೊಳ್ಳುವವಳ ಹಾಗೆ ಕಾಣುತ್ತಿದ್ದಳು.

ನಾನು ಮಾತ್ರ ಒಳಗೊಳಗೇ ಕುದಿಯುತ್ತಿದ್ದೆ. ಯಾಕೆಂದರೆ ನನ್ನ ಮೂಗು ಒಂದು ಸಲ ಸರಿ ಐತೆ ಎನ್ನುವುದನ್ನು ಬಿಟ್ಟು ಬೇರೆ ಹೇಳಿತ್ತು. ಅದನ್ನು ನಾನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ಶಾರದೆಗೂ ಹೇಳಿರಲಿಲ್ಲ.

ನನಗಾಗ ಹನ್ನೆರಡು ವರ್ಷ. ಹಿರಿಯರ ಹಬ್ಬ. ಚಿಕ್ಕಪ್ಪನಿಗೆ ಹೊಸದಾಗಿ ಮದುವೆಯಾಗಿತ್ತು, ಹೆಣ್ಣಿನ ಕಡೆಯವರು ಮೊದಲ ಸಲ ನಮ್ಮ ಮನೆಯ ಹಬ್ಬಕ್ಕೆ ಬಂದಿದ್ದರು. ನನ್ನ ದೊಡ್ಡಪ್ಪನ ಮಗನೊಬ್ಬ ಬೆಳಿಗ್ಗೆಯಿಂದ ಕಾಡುತ್ತಿದ್ದ. ಇವನು ಬರೀ ಬಿಸಿನೀರು ಮೂಸಿಸಿದರೂ ಸರಿ ಐತೆ ಅಂತಾನೆ, ಇವನಿಗೆ ಏನೂ ಗೊತ್ತಿಲ್ಲ ಎಂದು ಹೊಸ ನೆಂಟರ ಮುಂದೆ ಆಡಿಕೊಂಡ. ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅದಕ್ಕೇ ನನಗೆ ಹೆಚ್ಚು ಉರಿಯಿತು. ಅಮ್ಮ ಕರೆದಾಗ ಹೋಗಿ ಪಾತ್ರೆಯ ಮೇಲೆ ಬಗ್ಗಿ, ಮೂರು ಸಲ ಉಸಿರೆಳೆದು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, "ಉಪ್ಪು ಒಂಚೂರು ಕಮ್ಮಿ."

ಅಮ್ಮ ನನ್ನ ಮುಖ ನೋಡಿದಳು. "ದಿಟವಾಗ್ಲೂ ಏನ್ಲಾ?" ಎಂದಳು. ನಾನು ತಲೆಯಾಡಿಸಿದೆ. ಅವಳು ಗಡಿಗೆಯಿಂದ ಒಂದು ಹಿಡಿ ಕಲ್ಲುಪ್ಪು ತೆಗೆದು ಪಾತ್ರೆಯ ಮೇಲೆ ಹಿಡಿದಳು. ಇನ್ನೊಂದು ಸಲ ನನ್ನ ಕಡೆ ನೋಡಿ, ಆಮೇಲೆ ಮುಷ್ಟಿ ಬಿಚ್ಚಿದಳು.

ಆ ಅವರೆಬೇಳೆ ಸಾರನ್ನು ಯಾರಿಗೂ ಬಾಯಿಗಿಡಲು ಆಗಲಿಲ್ಲ. ಎಡೆ ಇಟ್ಟಾಗಿತ್ತು, ಹಿರಿಯರು ಏನೂ ಹೇಳಲಿಲ್ಲ. ಬದುಕಿದ್ದವರು ಹೇಳದೆ ಬಿಡಲಿಲ್ಲ. ಹೊಸ ನೆಂಟರು ನೀರಿನ ಚೊಂಬಿಗೆ ಕೈ ಚಾಚಿದ್ದು, ಚಿಕ್ಕಪ್ಪನ ಮುಖ ಕೆಂಪಾದದ್ದು, ಅಜ್ಜ ಎಲೆಯಿಂದ ಎದ್ದದ್ದು ಎಲ್ಲ ನನಗೆ ಈಗಲೂ ಕಣ್ಣ ಮುಂದೆ ಇದೆ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪಂಕ್ತಿಯ ನಡುವೆ ನಿಂತು, "ಇವತ್ತು ನನ್ನ ಕೈ ತಪ್ತು" ಎಂದಳು. ನನ್ನ ಹೆಸರು ತೆಗೆಯಲಿಲ್ಲ. ಆವತ್ತೂ ತೆಗೆಯಲಿಲ್ಲ, ಆಮೇಲೂ ತೆಗೆಯಲಿಲ್ಲ. ಮುಂದಿನ ವರ್ಷ ಹಬ್ಬಕ್ಕೆ ಮತ್ತೆ ಮುಚ್ಚಳ ಸರಿಸಿ ನನ್ನನ್ನೇ ಕರೆದಳು. ನಾನು ಉಸಿರು ಎಳೆಯುವ ಮೊದಲೇ ಸರಿ ಐತೆ ಅಂದೆ.

ಈಗ ರಾಗಿ ಡಬ್ಬದಲ್ಲಿ ಮಲಗಿದ್ದದ್ದು ಒಂದು ಪಾತ್ರೆ ಸಾರಲ್ಲ. ಹುಡುಗಿಯ ಬದುಕು. ಸರಿ ಐತೆ ಎಂದು ಬಾಯಿಪಾಠ ಒಪ್ಪಿಸಿ, ಅದು ಸರಿ ಇಲ್ಲದೆ ಹೋದರೆ? ಸರಿಯಿಲ್ಲ ಎಂದು ಹೇಳಿ, ಅದು ಸರಿಯಾಗಿದ್ದರೆ?

ಮೂವತ್ತೆರಡನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ, ಶಾರದೆ ಮಾರ್ಕೆಟ್ಟಿಗೆ ಹೋದ ಹೊತ್ತು ನೋಡಿ ಬಾಟಲಿಯನ್ನು ಹೊರಗೆ ತೆಗೆದೆ. ಬಿರಡೆ ತೆಗೆಯುವ ಸಲಕರಣೆ ನಮ್ಮಂಥವರ ಮನೆಯಲ್ಲಿ ಎಲ್ಲಿಂದ ಬರಬೇಕು? ಮರದ ಬಾಗಿಲಿಗೆ ಹಾಕುವ ಉದ್ದನೆಯ ಸ್ಕ್ರೂ ಒಂದನ್ನು ಬಿರಡೆಗೆ ತಿರುಗಿಸಿ, ಕಟಿಂಗ್ ಪ್ಲೇಯರಿನಿಂದ ಎಳೆದೆ. ಅದು ಹೊರಬಂದಾಗ ಆದ ಸದ್ದಿಗೆ ನಾನೇ ಕಿಟಕಿಯ ಕಡೆ ನೋಡಿದೆ. ಲೋಟಕ್ಕೆ ಸ್ವಲ್ಪ ಬಗ್ಗಿಸಿದರೆ, ಬಿಳಿ ವೈನು ಎಂದಿದ್ದು ಅಕ್ಕಚ್ಚಿನ ಹಾಗೆ ಮಸುಕಾಗಿತ್ತು. ತಳದಲ್ಲಿ ಏನೋ ಗಷ್ಟು ಓಡಾಡುತ್ತಿತ್ತು.

ಕಣ್ಣು ಮುಚ್ಚಿದೆ. ಮೂರು ಸಲ ಉಸಿರೆಳೆದೆ. ಮೊದಲು ಏನೂ ಇರಲಿಲ್ಲ. ಆಮೇಲೆ ಕತ್ತರಿಸಿದ ದೋರೆ ಸೀಬೆಕಾಯಿ. ಹಿಂದೆಯೇ ಉಕ್ಕಿ ಬಂದ ದೋಸೆ ಹಿಟ್ಟು. ಇನ್ನೂ ಮೂಸಿದರೆ ಸುಣ್ಣ ಬಳಿದ ಗೋಡೆಗೆ ನೀರು ಎರಚಿದಂಥದ್ದು. ಮತ್ತೆ ಸೀಬೆಕಾಯಿ. ಮತ್ತೆ ಏನೂ ಇಲ್ಲ. ಕಾರ್ಖಾನೆಯ ಅಭ್ಯಾಸದಂತೆ ಒಂದು ಹಾಳೆಯ ಮೇಲೆ ಬರೆದೆ. ಬಣ್ಣ: ಮಸುಕು. ವಾಸನೆ: ಸೀಬೆ, ದೋಸೆ ಹಿಟ್ಟು, ಸುಣ್ಣದ ಗೋಡೆ. ಫಲಿತಾಂಶ ಎಂದು ಬರೆದು ಎರಡು ಚುಕ್ಕೆ ಇಟ್ಟು ಕೂತೆ. ಶಾರದೆ ಮಾರ್ಕೆಟ್ಟಿನಿಂದ ಬಂದು ಸೊಪ್ಪು ಬಿಡಿಸಿ ಮುಗಿಸಿದರೂ ಎರಡು ಚುಕ್ಕೆಯ ಮುಂದೆ ಏನೂ ಬರಲಿಲ್ಲ.

ಆಗ ನೆನಪಾದವರು ರೋಸಿಯಕ್ಕ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದವರು, ಗಂಡ ಗಣಿಯಲ್ಲಿದ್ದವರು. ಈಗ ಉರಿಗಾಂನ ಹಳೆಯ ಲೈನ್ ಮನೆಯಲ್ಲಿ ಒಬ್ಬರೇ ಇದ್ದಾರೆ. ಪ್ರತಿ ಕ್ರಿಸ್‌ಮಸ್ಸಿಗೆ ಅವರು ಜಾಡಿಯಲ್ಲಿ ವೈನು ಹಾಕುತ್ತಾರೆ. ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ. ಬಾಯಿಗೆ ಬಟ್ಟೆ ಕಟ್ಟಿ ದಿನಕ್ಕೊಂದು ಸಲ ಮರದ ಸೌಟಿನಿಂದ ತಿರುವುತ್ತಾರೆ. ನಮಗೂ ಪ್ರತಿವರ್ಷ ಕೇಕಿನ ಜೊತೆ ಒಂದು ಬಾಟಲಿ ಬರುತ್ತದೆ. ಇಪ್ಪತ್ತು ವರ್ಷದಿಂದ ಕೇಕನ್ನು ನಾವು ತಿನ್ನುತ್ತೇವೆ, ವೈನನ್ನು ಶಾರದೆ ಹಿತ್ತಲಿನ ನುಗ್ಗೆಮರದ ಬುಡಕ್ಕೆ ಸುರಿಯುತ್ತಾಳೆ. ಮರ ಬಹಳ ಚೆನ್ನಾಗಿ ಕಾಯಿ ಬಿಡುತ್ತದೆ.

ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಸೊಪ್ಪು ಹರಡಿ, ಬುಟ್ಟಿಯಲ್ಲಿಟ್ಟುಕೊಂಡು ಆಟೋ ಹತ್ತಿದೆ. ರೋಸಿಯಕ್ಕ ಒಂದು ಲೋಟಕ್ಕೆ ಬಗ್ಗಿಸಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಒಂದು ಗುಟುಕು ಕುಡಿದರು. ಹುಣಸೆಕಾಯಿ ಕಚ್ಚಿದವರ ಹಾಗೆ ಮುಖ ಮಾಡಿದರು.

"ಅಯ್ಯೋ ಸಾರ್, ಇದ್ರಲ್ಲಿ ಸಕ್ಕರೇನೇ ಇಲ್ಲ. ಯಾರ್ ಸಾರ್ ಮಾಡಿದ್ದು? ಪಾವಂ, ಅವಸರಪಟ್ಟು ತೆಗ್ದುಬಿಟ್ಟಿದಾರೆ."

ಕೆಟ್ಟಿದೆಯೇ ಎಂದು ಕೇಳಿದೆ. ಪೂರ್ತಿ ಕೆಟ್ಟಿಲ್ಲ, ಸರಿ ಮಾಡಬಹುದು ಎಂದರು. ಸಣ್ಣ ಜಾಡಿಯೊಂದನ್ನು ಒರೆಸಿ ಅರ್ಧ ಬಾಟಲಿಯನ್ನು ಅದಕ್ಕೆ ಸುರಿದರು. ಗೋಧಿ ಹಾಕಿದರು, ಎರಡು ಲವಂಗ ಹಾಕಿದರು. ಆಮೇಲೆ ಒಂದು ಹಿಡಿ ಸಕ್ಕರೆ ತೆಗೆದು ಜಾಡಿಯ ಬಾಯಿಗೆ ಹಿಡಿದು ನನ್ನ ಮುಖ ನೋಡಿದರು.

"ಹಾಕ್ಲಾ ಸಾರ್?"

ನಾನು ತಲೆಯಾಡಿಸಿದೆ.

ಆಟೋದಲ್ಲಿ ವಾಪಸು ಬರುತ್ತಾ, ರಾಬರ್ಟ್‌ಸನ್‌ಪೇಟೆ ಹತ್ತಿರವಾಗುವ ಹೊತ್ತಿಗೆ, ನಾನು ಮಾಡಿದ್ದೇನು ಎಂದು ನನಗೆ ಹೊಳೆಯಿತು. ಹನ್ನೆರಡು ವರ್ಷದವನಿದ್ದಾಗ ಮಾಡಿದ್ದನ್ನೇ ಅರವತ್ತೊಂದರಲ್ಲಿ ಮಾಡಿದ್ದೆ. ಬೇರೆಯವರ ಪಾತ್ರೆಯ ಮೇಲೆ ಇನ್ನೊಬ್ಬರ ಮುಷ್ಟಿ, ನನ್ನ ತಲೆಯಾಟ. ಆಟೋದವನು ಯಾಕೆ ಸಾರ್ ಬೆವರುತ್ತಿದ್ದೀರಿ ಎಂದು ಕೇಳಿದ. ಬಿಸಿಲು ಎಂದೆ.

ಸಂಜೆ ಪವಿತ್ರಳ ಫೋನು ಬಂತು. ಅಲ್ಲಿ ಮಧ್ಯಾಹ್ನ. ಅವಳು ತೋಟದಲ್ಲಿ ಬಳ್ಳಿ ಕತ್ತರಿಸುತ್ತಿದ್ದಳು, ಗಾಳಿಯ ಸದ್ದು ಕೇಳುತ್ತಿತ್ತು. ಪಕ್ಕದ ತೋಟದವರು ಭಾನುವಾರ ಮಾತಿಗೆ ಬರುತ್ತಾರಂತೆ, ಅಷ್ಟರೊಳಗೆ ಅವಳು ಮದಾಂಗೆ ಉತ್ತರ ಹೇಳಬೇಕು. ತೆರೆದೆಯಾ ಮಾವ, ಮೂಸಿದೆಯಾ ಎಂದು ಕೇಳಿದಳು.

ಎಲ್ಲವನ್ನೂ ಹೇಳಿದೆ. ನನ್ನ ಮೂಗಿಗೆ ಏನೂ ಗೊತ್ತಾಗುವುದಿಲ್ಲ, ಯಾವತ್ತೂ ಗೊತ್ತಾಗಿಲ್ಲ, ಅಜ್ಜಿ ಹೇಳಿದ್ದೆಲ್ಲ ನನ್ನ ನಾಟಕ ಎಂದೆ. ಅವಳು ತಮಾಷೆ ಎಂದುಕೊಂಡು ನಕ್ಕಳು. ತಮಾಷೆಯಲ್ಲ ಎಂದು ಹಬ್ಬದ ಸಾರಿನ ಕಥೆ ಹೇಳಿದೆ. ನಗು ನಿಂತಿತು. ಸೀಬೆಕಾಯಿ, ದೋಸೆ ಹಿಟ್ಟು, ಸುಣ್ಣದ ಗೋಡೆ ಎಂದು ಬರೆದದ್ದನ್ನು ಓದಿದೆ. ಸರಿಯೋ ತಪ್ಪೋ ನನಗೆ ತಿಳಿಯಲಿಲ್ಲ, ಅದಕ್ಕೆ ರೋಸಿಯಕ್ಕನ ಹತ್ತಿರ ಹೋಗಿದ್ದೆ, ಅವರು ಅವಸರದಲ್ಲಿ ತೆಗೆದ ವೈನು ಎಂದರು ಎಂದೆ. ಕೊನೆಗೆ, ಅರ್ಧಕ್ಕೆ ಸಕ್ಕರೆ ಹಾಕಿಸಿದೆ ಎಂದೂ ಹೇಳಿದೆ.

"ಸಕ್ಕರೆ ಹಾಕ್ಸಿದ್ಯಾ?" ಎಂದಳು. ಪವಿತ್ರ ನನ್ನ ಹತ್ತಿರ ಯಾವತ್ತೂ ಆ ದನಿಯಲ್ಲಿ ಮಾತಾಡಿದವಳಲ್ಲ. "ಯಾಕ್ ಮಾವ ಹಾಕ್ಸಿದೆ? ಅದಕ್ಕೇನ್ ಕಮ್ಮಿಯಾಗಿತ್ತು? ಸೀಬೆ ಇತ್ತು, ಸುಣ್ಣ ಇತ್ತು, ನೀನೇ ಹೇಳ್ತಿದ್ದೀಯ. ಎಲ್ಲಾ ಅದ್ರಲ್ಲೇ ಇತ್ತು. ಅದು ಸರಿಯಾಗಿತ್ತು ಮಾವ."

ಗಾಳಿಯ ಸದ್ದು ಮಾತ್ರ ಬರುತ್ತಿತ್ತು. ಆಮೇಲೆ ಅವಳು ಸಣ್ಣ ದನಿಯಲ್ಲಿ ಕೇಳಿದಳು.

"ನಾನೀಗ ಏನಂದೆ?"

"ಸರಿಯಾಗಿತ್ತು ಅಂದೆ."

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ. ನನ್ನ ಕಿವಿಯೂ ಮೂಗಿನ ಹಾಗೇ ಇರಬೇಕು. ಇದನ್ನೇ ಹೋಗಿ ನಿಮ್ಮ ಮದಾಂಗೆ ಹೇಳು, ಇದೇ ದನಿಯಲ್ಲಿ ಹೇಳು ಎಂದೆ. ಬಳ್ಳಿ ಕತ್ತರಿಸುವುದನ್ನು ಅಲ್ಲಿಗೇ ಬಿಟ್ಟು ಅವಳು ಮನೆಯ ಕಡೆ ಓಡಿದಳು ಎಂದು ತೋರುತ್ತದೆ, ಯಾಕೆಂದರೆ ಫೋನು ಕತ್ತರಿಸುವುದನ್ನು ಮರೆತಿದ್ದಳು. ಅವಳ ಬೂಟಿನ ಸದ್ದನ್ನು ಸ್ವಲ್ಪ ಹೊತ್ತು ಕೇಳಿ ನಾನೇ ಇಟ್ಟೆ.

ತೋಟ ಈಗ ಪವಿತ್ರಳ ಕೈಯಲ್ಲಿದೆ. ಮದಾಂ ಒಡೆಟ್ ಕಲ್ಲು ಮನೆಯಲ್ಲೇ ಇದ್ದಾರೆ, ಇನ್ನೂ ಮಾತು ಕಡಿಮೆಯಂತೆ. ಅಕ್ಕ ಬೀದಿಯಲ್ಲಿ ಮಗಳಿಗೆ ಜ್ಯೂಸ್ ಫ್ಯಾಕ್ಟರಿಯೇ ಸಿಕ್ಕಿತು ಎಂದು ಹೇಳಿಕೊಂಡು ಮೈಸೂರುಪಾಕು ಹಂಚಿದಳು. ರೋಸಿಯಕ್ಕನ ಜಾಡಿಯ ವೈನು ಹದಿನೈದು ದಿನದಲ್ಲಿ ಬಹಳ ರುಚಿಯಾಯಿತಂತೆ. ಅವರ ತಂಗಿಯ ಮನೆಯವರು ಕುಡಿದು ಹೊಗಳಿದರಂತೆ. ಎರಡರಲ್ಲಿ ಯಾವುದು ಸರಿ ಎಂದು ನನ್ನನ್ನು ಕೇಳಬೇಡಿ.

ನನ್ನನ್ನು ಕಾಡಿದ್ದು ಬೇರೆ. ಫೋನಿಟ್ಟ ಮೇಲೂ ಪವಿತ್ರಳ ಸಿಟ್ಟು ಕಿವಿಯಲ್ಲಿತ್ತು. ತಾನು ಮಾಡಿದ್ದು ಸರಿಯಾಗಿದೆ ಎನ್ನುವುದು ಅವಳ ಒಳಗೇ ಇತ್ತು, ಬೇರೆ ಯಾರೋ ಹಿಡಿ ಸಕ್ಕರೆ ಹಾಕಿದಾಗ ಹೊರಗೆ ಬಂತು. ಹಾಗಾದರೆ ಅಮ್ಮ? ಮೂವತ್ತು ವರ್ಷ ನಾಲಿಗೆಗೆ ತಾಗಿಸದೆ ಉಪ್ಪು ಹಾಕಿದ ಕೈ ಅದು. ಅವಳಿಗೆ ಆ ದಿನ ಗೊತ್ತಿರಲಿಲ್ಲವೇ? ನಾನು ಇಷ್ಟು ವರ್ಷ ಅಮ್ಮ ನನ್ನ ಮಾತನ್ನು ನಂಬಿ ಮೋಸಹೋದಳು ಎಂದುಕೊಂಡು ಕೊರಗಿದ್ದೆ. ಅವಳು ಮುಷ್ಟಿಯನ್ನು ಪಾತ್ರೆಯ ಮೇಲೆ ಹಿಡಿದು ಎರಡನೆಯ ಸಲ ನನ್ನ ಕಡೆ ನೋಡಿದ್ದು ಈಗ ಬೇರೆ ಥರ ಕಾಣುತ್ತದೆ. ಅವಳಿಗೆ ಉಪ್ಪು ಸರಿಯಾಗಿದ್ದದ್ದು ಗೊತ್ತಿತ್ತು. ಹೊಸ ನೆಂಟರ ಮುಂದೆ ಮಗ ಸುಳ್ಳನಾಗಬಾರದು ಎಂದು, ನಲವತ್ತು ಜನದ ಸಾರನ್ನು ಗೊತ್ತಿದ್ದೂ ಕೆಡಿಸಿದಳು. ಕೈ ತಪ್ಪಿತು ಎಂದು ತಾನೇ ಹೇಳಿಕೊಂಡಳು. ಪವಿತ್ರ ನನ್ನನ್ನು ಗದರಿಸಿದ ಹಾಗೆ ಅವಳು ಒಂದು ಸಲ ಗದರಿಸಿದ್ದರೆ ಆಗುತ್ತಿತ್ತು. ಅಥವಾ ಹಾಗೆ ಗದರಿಸಿದ್ದರೆ ನಾನು ಇನ್ನೇನಾಗುತ್ತಿದ್ದೆನೋ. ಇದೂ ನನಗೆ ಬಗೆಹರಿಯುವುದಿಲ್ಲ. ಫೋನಿಟ್ಟ ಆ ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಈ ವಯಸ್ಸಿನಲ್ಲಿ, ನಾನು ಅತ್ತೆ.

ಶಾರದೆ ಬುಟ್ಟಿಯಲ್ಲಿದ್ದ ಬಾಟಲಿಯನ್ನು ತಾನೇ ತಂದು ಮೇಜಿನ ಮೇಲಿಟ್ಟಳು. ಉಳಿದದ್ದು ಅರ್ಧಕ್ಕಿಂತ ಕಡಿಮೆ. ನಾನು ಮೂಸಿದ್ದು ಬಿಟ್ಟರೆ ನಮ್ಮ ಮನೆಯಲ್ಲಿ ಅದನ್ನು ಯಾರೂ ನಾಲಿಗೆಗೆ ತಾಗಿಸಿರಲಿಲ್ಲ. ಪುಟ್ಟ ಲೋಟವೊಂದನ್ನು ತೊಳೆದು, ಅದಕ್ಕೆ ಬಗ್ಗಿಸಿ, ಗೋಡೆಯ ಮೇಲಿನ ಅಮ್ಮನ ಫೋಟೋದ ಕೆಳಗೆ ಇಟ್ಟೆ.

"ಅತ್ತೆಗೆ ಇದನ್ನ ಇಡೋದಾ?" ಎಂದಳು ಶಾರದೆ.

"ಮೊಮ್ಮಗಳು ಮಾಡಿದ್ದು," ಎಂದೆ.

ಅವಳು ದೀಪ ಹಚ್ಚಿದಳು. ಎಡೆ ಇಟ್ಟಾಗ ಕಾಯುವಷ್ಟು ಹೊತ್ತು ಇಬ್ಬರೂ ಕಾದೆವು. ಆಮೇಲೆ ಲೋಟ ತೆಗೆದುಕೊಂಡು, ಜೀವಮಾನದಲ್ಲಿ ಮೊದಲ ಸಲ, ಒಂದು ಗುಟುಕು ಕುಡಿದೆ. ಹುಳಿಯಿತ್ತು, ಸ್ವಲ್ಪ ಕಹಿಯಿತ್ತು, ಕೊನೆಯಲ್ಲಿ ಸೀಬೆಕಾಯಿ ಬಂದು ಹೋಯಿತು. ಏನೋ ಒಂಚೂರು ಕಮ್ಮಿ ಅನ್ನಿಸಿತು. ಏನನ್ನೂ ಹಾಕದೆ ಪೂರ್ತಿ ಕುಡಿದೆ.